ಒಂದೇ ಹೆಸರಿನ ಹನ್ನೊಂದು ಫಲಕ

ಆ ರಸ್ತೆಯುದ್ದಕ್ಕೂ ಚರಿತ್ರೆ ಹೇಳುವ ಫಲಕಗಳು ಹನ್ನೊಂದಿದ್ದವು, ಹನ್ನೊಂದರ ಮೊದಲ ಸಾಲಿನಲ್ಲೂ ಒಂದೇ ಹೆಸರು. ಹಳೆಯ ಕಾಲದ ಯಾವನೋ ದಂಡನಾಯಕ ಅಲ್ಲಿ ಎರಡು ದಿನ ತಂಗಿದ್ದನಂತೆ. ಹಳ್ಳಿಗೆ ಅವನ ಹೆಸರು ಬಿತ್ತು, ಹಳ್ಳಿಯಿಂದ ಸೇತುವೆಗೆ, ಗುಡ್ಡಕ್ಕೆ, ಬಾವಿಗೆ, ಕೊನೆಗೆ ಹುಟ್ಟಿದ ಗಂಡುಮಕ್ಕಳಿಗೆಲ್ಲ. ಅಲ್ಲಿ ನಿಂತು ಆ ಹೆಸರು ಕೂಗಿದರೆ ಗುಡ್ಡವೂ ಓಗೊಡುತ್ತದೆ ಎಂದು ಫಲಕ ಹಾಕಿಸುವ ಇಲಾಖೆಯವರು ನಗುತ್ತಿದ್ದರು. ನಗುವವರಿಗೇನು, ಫ್ಯಾನಿನ ಕೆಳಗೆ ಕೂತಿರುತ್ತಾರೆ. ಗುಣಿ ತೋಡಿ ಫಲಕ ನೆಡುವವನ ಪಾಡು ಬೇರೆ.

ಅವನನ್ನು ಎಲ್ಲರೂ ಗುಣಿಯಣ್ಣ ಎನ್ನುತ್ತಿದ್ದರು. ಫಲಕದ ಬೆನ್ನಿಗೆ ಕಿಲೋಮೀಟರ್ ಸಂಖ್ಯೆ ಬರೆದಿರುತ್ತದೆ, ಅದನ್ನು ನೋಡಿಯೇ ನೆಡಬೇಕು. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವನು ಬೆನ್ನು ನೋಡಲಿಲ್ಲ. ಬಾವಿಯ ತಿರುವಿನ ಮೈಲಿಗಲ್ಲಿನ ಮೇಲೆ ಅದೇ ಹೆಸರು ಕಂಡಿತು, ಇಲ್ಲೇ ಇರಬೇಕು ಎಂದು ತೋಡಿಬಿಟ್ಟ. ನಾಲ್ಕು ಕಿಲೋಮೀಟರ್ ಮುಂದೆ ನಿಲ್ಲಬೇಕಾದ ಫಲಕ ಅದು, ಆ ಹೆಸರಿನ, ಜಮೀನು ಅಳೆಯುವ ಒಬ್ಬ ಮೋಜಣಿದಾರನದು.

ತಪ್ಪು ಅಷ್ಟಕ್ಕೇ ನಿಂತಿದ್ದರೆ ಕತೆಯೇ ಇರಲಿಲ್ಲ. ಎದುರು ಮನೆಯ ಹೆಂಗಸು ಬಂದು, ಇದು ನಮ್ಮಪ್ಪನದಾ ಎಂದು ಕೇಳಿದ್ದಳು. ಅವಳ ಅಪ್ಪನಿಗೂ ಅದೇ ಹೆಸರು. ಆ ಬಾವಿ ತೋಡುವಾಗ ಮಣ್ಣು ಕುಸಿದು, ಮೂವರನ್ನು ಮೇಲಕ್ಕೆ ಹತ್ತಿಸಿ ತಾನು ಒಳಗೇ ಉಳಿದವನು ಎಂದು ಹೇಳಿದಳು. ಗುಣಿಯಣ್ಣನ ಹೊಟ್ಟೆ ತಾಳ ಹಾಕುತ್ತಿತ್ತು. ಅಲ್ಲ ಎಂದರೆ ಮಾತು ಬೆಳೆಯುತ್ತದೆ, ಹೌದು ಎಂದರೆ ಮುಗಿಯುತ್ತದೆ. ಹೌದಮ್ಮ ಎಂದ. ಓದಪ್ಪಾ, ನನಗೆ ಅಕ್ಷರ ಬರಲ್ಲ ಎಂದಳು. ಅವಳು ಹೇಳಿದ್ದನ್ನೇ ತಿರುಗಿಸಿ, ಫಲಕದ ಮೇಲೆ ಬೆರಳಾಡಿಸುತ್ತ ಅವಳಿಗೇ ಓದಿ ಹೇಳಿ, ಊಟದ ಡಬ್ಬಿ ಬಿಚ್ಚಿದ.

ಈಗ ಯಾರೋ ಮೇಷ್ಟ್ರು ಇಲಾಖೆಗೆ ಪತ್ರ ಬರೆದಿದ್ದರು. ಫಲಕ ಕಿತ್ತು ಸರಿಯಾದ ಜಾಗದಲ್ಲಿ ನೆಡಿ ಎಂದು ಆದೇಶ ಬಂತು. ನಿವೃತ್ತಿಗೆ ಆರು ತಿಂಗಳಿತ್ತು, ಮಂಡಿ ಆಗಲೇ ನಿವೃತ್ತಿಯಾಗಿತ್ತು. ಗುಣಿಯಣ್ಣ ಲಾರಿಯಿಂದ ಇಳಿದು, ಸಿಮೆಂಟ್ ನೆನೆಸಲು ನೀರು ಕೇಳಿಕೊಂಡು ಪಕ್ಕದ ಪಂಕ್ಚರ್ ಅಂಗಡಿಗೆ ಹೋದ.

ಅಂಗಡಿಯವನು ನೀರಿನ ಜೊತೆ ಊರ ಸುದ್ದಿಯನ್ನೂ ಕೊಟ್ಟ. ಫಲಕ ನೆಟ್ಟ ವರ್ಷವೇ ಅದರ ಎದುರು ಮನೆಗೆ ಸೊಸೆ ಬಂದಳು, ಓದಿದವಳು. ಬಂದ ವಾರವೇ ಫಲಕ ಓದಿ, ಅತ್ತೆ, ಇದು ತಾತನದಲ್ಲ ಅಂದಳು. ಸರ್ಕಾರದ ಮನುಷ್ಯನೇ ನನಗೆ ಓದಿ ಹೇಳಿದ್ದಾನೆ, ನಿನ್ನೆ ಬಂದವಳು ನಮ್ಮಪ್ಪನ ಹೆಸರು ಅಳಿಸ್ತೀಯಾ ಎಂದು ಅತ್ತೆ ಹಾರಿಬಿದ್ದಳು. ಅವತ್ತಿನಿಂದ ಸೊಸೆ ಸುಳ್ಳುಬುರುಕಿ. ಹಾಲು ಒಡೆದಿದೆ ಎಂದರೂ ಅತ್ತೆ ಎದ್ದು ಪಾತ್ರೆ ನೋಡದೆ ನಂಬುತ್ತಿರಲಿಲ್ಲ. ಕೊನೆಗೆ ಮಗ ನಡುಮನೆಗೆ ಗೋಡೆ ಎಬ್ಬಿಸಿ, ರಸ್ತೆಗೆ ಎರಡನೆಯ ಬಾಗಿಲು ಒಡೆಸಿದ. ಊರವರಿಗೆ ಓದಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಮುದುಕಿಯ ಖುಷಿ ಕೆಡಿಸುವುದೇಕೆ ಎಂದು ಸುಮ್ಮನಿದ್ದರು.

ಗುಣಿಯಣ್ಣ ನೀರು ಹೊತ್ತುಕೊಂಡು ಲಾರಿಯ ಕಡೆ ನಡೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ತಾನು, ಬರೆ ಬಿದ್ದದ್ದು ಯಾರದೋ ಮಗಳಿಗೆ.

ಲಾರಿಯ ಡ್ರೈವರ್ ಪ್ರಪಂಚ ಕಂಡವನು. ಬಣ್ಣ ಹೊಡೆಸೋಕೆ ಒಯ್ತಿದೀವಿ ಅಂದುಬಿಡು, ಎಂಟು ದಿನದಲ್ಲಿ ತರ್ತೀವಿ ಅನ್ನು, ಆಮೇಲೆ ಯಾರು ಬರ್ತಾರೆ ಎಂದ. ಅದು ಸುಲಭವಾಗಿತ್ತು. ಗುಣಿಯಣ್ಣನಿಗೆ ಸುಲಭವಾದದ್ದೇ ಬೇಕಿತ್ತು, ಅಷ್ಟು ದಣಿದಿದ್ದ.

ಮುದುಕಿ ಹೊರಗೆ ಬಂದು ಜಗಲಿಯಲ್ಲಿ ಕೂತಳು. ಅವನ ಗುರುತು ಹಿಡಿದಳು, ಮುಖ ಅರಳಿತು. ಫಲಕಕ್ಕೆ ಏನಾಯಿತಪ್ಪ ಎಂದು ಕೇಳಿದಳು. ಅವನು, ಬಣ್ಣ ಎಂದು ಶುರು ಮಾಡಿದ.

ಎರಡನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅವಳು ಜಗಳಕ್ಕೆ ಬಂದಂತಿರಲಿಲ್ಲ.

“ನೀವೇ ಅಲ್ವಾ ಅವತ್ತು ಓದಿ ಹೇಳಿದ್ದು?” ಎಂದಳು. “ಇದನ್ನ ಒಯ್ದುಬಿಟ್ರೆ ನನ್ನ ಹತ್ರ ಸಾಕ್ಷಿನೂ ಇರಲ್ಲ.”

ಗುಣಿಯಣ್ಣ ಹಾರೆ ಕೆಳಗಿಟ್ಟ. ಕನ್ನಡಕ ಹಾಕಿಕೊಂಡು, ಮೊದಲ ಸಲ ಆ ಫಲಕವನ್ನು ಪೂರ್ತಿ, ಗಟ್ಟಿಯಾಗಿ ಓದಿದ. ಮೋಜಣಿದಾರ, ಅವನು ಎಳೆದ ಸರಪಳಿ, ಗುರುತು ಹಾಕಿದ ಗಡಿ, ಹಾಕಿದ ಡೇರೆ. ಬಾವಿ ಎಂಬ ಪದವೇ ಅದರಲ್ಲಿರಲಿಲ್ಲ.

“ಅವತ್ತು ಸುಳ್ಳು ಹೇಳಿದೆ ತಾಯಿ,” ಎಂದ. “ಹಸಿವಾಗಿತ್ತು, ನೀವು ಬೇಗ ಹೋಗ್ಲಿ ಅಂತ.”

ಮುದುಕಿ ಬೈಯಲಿಲ್ಲ. ನಮ್ಮಪ್ಪನದು ಎಲ್ಲಿದೆ ಎಂದಳು. ಎಲ್ಲೂ ಇಲ್ಲ, ಪಟ್ಟಿಯಲ್ಲೇ ಇಲ್ಲ ಎಂದು ಅವನು ಹೇಳಬೇಕಾಯಿತು. ಅವಳ ಅಪ್ಪ ಎರಡನೆಯ ಸಲ ಮಣ್ಣಿನಡಿ ಹೋಗಿದ್ದ, ಈ ಸಲ ತಳ್ಳಿದವನು ಗುಣಿಯಣ್ಣ. ಅದು ಅವನಿಗೆ ಚೆನ್ನಾಗಿ ಗೊತ್ತಾಯಿತು.

ಆಮೇಲೆ ಅವಳು ಸೊಸೆಯ ಕಡೆ ತಿರುಗಿದಳು.

“ನೀನು ಅವತ್ತೇ ಸರಿಯಾಗಿ ಓದಿದ್ದೆ ಕಣೇ.”

ಸೊಸೆ ಹತ್ತಿರ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಹತ್ತೊಂಬತ್ತು ವರ್ಷ ತಡೆದಿಟ್ಟುಕೊಂಡ ಅಳು ಬೇಗ ಮುಗಿಯುವಂತಿರಲಿಲ್ಲ. ಮುದುಕಿ ಗೋಡೆ ಹಿಡಿದು ಎದ್ದು, ಮೆಲ್ಲಗೆ ಆ ಬಾಗಿಲ ಕಡೆ ನಡೆದಳು. ಅಲ್ಲಿಗೆ ಆರೇ ಹೆಜ್ಜೆ ಇತ್ತು.