ಹೆಬ್ಬೆರಳಿನ ಉಗುರು

“ಹೆಣಾ ಸಂಜಿತನಕ ಇರ್ತತಿ, ಹೂವು ಇರೂದಿಲ್ಲ. ಅಷ್ಟೂ ತಿಳಿಯೂದಿಲ್ಲೇನ್ರಲೇ ನಿಮಗ?”

ಸಂಕನಗೌಡ ಬೈಕಿನಿಂದ ಇಳಿದಿರಲಿಲ್ಲ. ಒಂದು ಕಾಲು ನೆಲಕ್ಕೂರಿ, ಮೂಗಿಗೆ ಟವೆಲ್ ಹಿಡಿದುಕೊಂಡು, ಕರೆವ್ವನ ಮನೆಯ ಮುಂದೆ ನಿಂತಿದ್ದ. ಒಳಗೆ ಗೋಡೆಗೆ ಆನಿಸಿ ಕೂಡಿಸಿದ್ದ ಮಂಜುಳಾಳ ಹೆಣ ಬಾಗಿಲಿನಿಂದಲೇ ಕಾಣುತ್ತಿತ್ತು. ಹಣೆಗೆ ಆಗಷ್ಟೇ ಭಂಡಾರ ಹಚ್ಚಿದ್ದರು. ಬೈಕಿನ ಸದ್ದು ಕೇಳಿದೊಡನೆ ಕರೆವ್ವ ಮಗಳ ಮೇಲಿನ ಅಳುವನ್ನು ಅರ್ಧಕ್ಕೆ ನಿಲ್ಲಿಸಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಕೇರಿಯಲ್ಲಿ ಗೌಡನಿಗೆ ಎದುರು ಮಾತಾಡುವವಳು ಸಿದ್ದವ್ವ ಒಬ್ಬಳೇ. ವಯಸ್ಸಾಗಿತ್ತು, ಬಾಯಲ್ಲಿ ಹಲ್ಲು ಉಳಿದಿರಲಿಲ್ಲ. ಅವಳು ಕಟ್ಟೆಯಿಂದ ಎದ್ದಳು.

“ಗೌಡ್ರ, ಕೂಸು ನಿನ್ನೆ ಸಂಜೀಮಟ ನಿಮ್ಮ ಹೊಲದಾಗ ದುಡದೈತ್ರಿ. ಮಣ್ಣು ಮಾಡಿ ಬರ್ತೇವಿ. ಇವತ್ತೊಂದಿನ ಬಿಡ್ರಿ.”

“ನಿನ್ನೆ ಸುಲದ ಮೊಗ್ಗಿಗೆ ಇವತ್ತ ಗಂಡಹೂವು ತಿಕ್ಕಲಿಲ್ಲಂದ್ರ ಎಲ್ಲಾ ಉದರಿ ಬೀಳ್ತಾವು. ಬೀಜದ ಕಂಪನ್ಯಾವ್ರಿಗೆ ನಿಮ್ಮಪ್ಪ ಬಂದು ಹೇಳ್ತಾನೇನ?”

“ಹ್ವಾದ ವರ್ಷ ನಿಮ್ಮ ತಮ್ಮಾರು ತೀರಕೊಂಡಾಗ ನಿಮ್ಮ ಸೂತಕ ಕಳಿಯೂಮಟ ಈ ಕೇರ್ಯಾಗ ಹಲಗಿ ಬಾರಿಸಗೊಡಲಿಲ್ರಿ. ಈ ಹುಡುಗೀ ಲಗ್ನದ ಹಂದರಾ ಕಿತ್ತಿಸಿದ್ರಿ. ಗಂಡಿನಾವ್ರು ಬ್ಯಾರೆ ಹೆಣ್ಣು ನೋಡ್ಕೊಂಡ ಹ್ವಾದ್ರು. ನಾವೇನರ ಅಂದಿವೇನ್ರಿ?”

“ನಮ್ಮ ಸೂತಕಾನೂ ನಿಮ್ಮ ಸೂತಕಾನೂ ಒಂದ ಏನಲೇ, ಭೋಸುಡಿ?” ಗೌಡ ಪಕ್ಕಕ್ಕೆ ಉಗುಳಿದ. “ಹೆಣಾ ಎಲ್ಲಿ ಹುಗಿತೀರಿ? ಕಾಲವಿ ದಂಡಿಗಲ್ಲ? ಅಲ್ಲೀಮಟ ಹಾರಿಸಿಕೊಂಡು ಒಯ್ತೀರೇನು? ನನ್ನ ಬದುವಿನ ಮ್ಯಾಲ ಹಾಯಬೇಕು. ಮದ್ಲ ಬಂದು ಹೂವು ಹಚ್ಚರಿ, ಮಧ್ಯಾಹ್ನಕ್ಕ ದಾರಿ ಬಿಡ್ತೇನಿ. ಇಲ್ಲಂದ್ರ ಮನ್ಯಾಗ ಇಟ್ಕೊಂಡು ಪೂಜಿ ಮಾಡ್ರಿ.”

ಕೇರಿಯ ಮಸಣಕ್ಕೆ ಮೊದಲು ಬಂಡಿದಾರಿಯಿತ್ತು. ಮದಗದ ಕೆರೆಯ ನೀರು ಕಾಲುವೆಗೆ ಚೆನ್ನಾಗಿ ಬರತೊಡಗಿದ ಮೇಲೆ ಗೌಡ ಆ ದಾರಿಯನ್ನು ಉತ್ತು ತನ್ನ ಹತ್ತಿಬೀಜದ ಪ್ಲಾಟಿಗೆ ಸೇರಿಸಿಕೊಂಡಿದ್ದ. ಈಗ ಉಳಿದಿದ್ದದ್ದು ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಬದು.

ಬೈಕು ಹೋಯಿತು. ಹೆಂಗಸರೆಲ್ಲ ಗುತ್ತೆಪ್ಪನ ಮುಖ ನೋಡಿದರು. ಅವನೂ ಕೇರಿಯವನೇ, ಗೌಡನ ಹೊಲಕ್ಕೆ ಆಳು ಕರೆತರುವ ಮೇಸ್ತ್ರಿ. ಕಾಲಿನ ಹೆಬ್ಬೆಟ್ಟಿನಿಂದ ನೆಲ ಕೆರೆಯುತ್ತ, “ನಡೀರಿ ಯವ್ವಾ, ಲಗೂನ ಮುಗಿಸಿ ಬಂದುಬಿಡೂಣು” ಎಂದ.

ಒಳಗೆ ತಂಗಿ ಸವಿತಾ, ಅಕ್ಕ ಮಂಜುಳಾಳ ಬಲಗೈ ಹಿಡಿದು ಕುಳಿತಿದ್ದಳು. ಮೈ ತೊಳೆಯುವಾಗ ಆ ಹೆಬ್ಬೆರಳನ್ನು ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಹಸಿರು ಹೋಗಿರಲಿಲ್ಲ, ಎಣ್ಣೆಯ ವಾಸನೆಯೂ ಹೋಗಿರಲಿಲ್ಲ. ಹತ್ತಿಬೀಜದ ಕೆಲಸಕ್ಕೆ ಆ ಉಗುರು ಬೇಕು. ಸಂಜೆ, ಮಾರನೆಯ ದಿನ ಅರಳಲಿರುವ ಮೊಗ್ಗಿನ ಬುಡಕ್ಕೆ ಉಗುರು ಚುಚ್ಚಿ, ಎಸಳನ್ನೂ ಒಳಗಿನ ಗಂಡು ಕೇಸರವನ್ನೂ ಒಂದೇ ಸುತ್ತಿಗೆ ಸುಲಿಯಬೇಕು. ಸುಲಿದ ಮೊಗ್ಗಿಗೆ ಕೆಂಪು ಕಾಗದ ಮುಚ್ಚಬೇಕು. ಬೆಳಿಗ್ಗೆ ಕಾಗದ ತೆಗೆದು ಬೇರೆ ಸಾಲಿನ ಗಂಡು ಹೂವನ್ನು ತಂದು ಅದಕ್ಕೆ ತಿಕ್ಕಬೇಕು. ಪ್ಲಾಟು ಶುರುವಾಯಿತೆಂದರೆ ಕೇರಿಯ ಹೆಣ್ಣುಮಕ್ಕಳು ಆ ಒಂದು ಉಗುರು ಕತ್ತರಿಸುವುದಿಲ್ಲ.

ನಿನ್ನೆ ಮಧ್ಯಾಹ್ನ ಗೌಡ ಹೊಲಕ್ಕೆ ಎಣ್ಣೆ ಹೊಡೆಸಿದ್ದ. ಹುಳದ ಔಷಧ. ಎಲೆ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಹೆಂಗಸರನ್ನು ಸಾಲಿಗೆ ಇಳಿಸಿದ. ಮಂಜುಳಾ ಸಾಲಿನ ನಡುವೆ ಕುಳಿತು ವಾಂತಿ ಮಾಡಿಕೊಂಡಾಗ ಬದುವಿನ ಮೇಲಿನಿಂದ ನಕ್ಕಿದ್ದ: “ಲಗ್ನಾ ಇಲ್ಲದ ಬಸರಾದಿ ಏನಲೇ?” ಸವಿತಾ ಓಡಿಬಂದು ನೀರು ಕುಡಿಸಿದಾಗ, “ಆ ಸಾಲು ಮುಗಿಸಿ ಕುಂದ್ರಾಕ ಹೇಳು” ಎಂದಿದ್ದ. ಮಂಜುಳಾ ಸಾಲು ಮುಗಿಸಿಯೇ ಬಿದ್ದಳು. ಸಂಜೆ ಹೆಂಗಸರನ್ನು ಮನೆಗೆ ಒಯ್ಯಲು ಬಂದ ಅಫ್ಜಲನ ಟೆಂಪೋದಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟರೆ, ರಟ್ಟೀಹಳ್ಳಿ ಮುಟ್ಟುವುದರೊಳಗೆ ತಂಗಿಯ ತೊಡೆಯ ಮೇಲಿದ್ದ ತಲೆ ಭಾರವಾಗಿತ್ತು.

ಟೆಂಪೋದಲ್ಲಿ ಉಳಿದಿದ್ದ ಅವಳ ಚಪ್ಪಲಿಗಳನ್ನು ಅಫ್ಜಲ ಬೆಳಕು ಹರಿಯುವ ಮೊದಲೇ ತೊಳೆದು ತಂದು, ಬಾಗಿಲ ಪಕ್ಕ ನೆರಳಿನಲ್ಲಿ ಜೋಡಿಸಿಟ್ಟಿದ್ದ. ಆಗಿನಿಂದ ಅವನು ಮನೆಗೆ ಹೋಗಿರಲಿಲ್ಲ.

ಸವಿತಾ ಅಕ್ಕನ ಕೈಯನ್ನು ಮಡಿಲಿಗಿಟ್ಟು ಎದ್ದಳು. “ನಡೀರಿ, ಹೋಗಿ ಬರೂಣು.”

ಕರೆವ್ವ ತಲೆಯೆತ್ತಿದಳು. “ಒಡಹುಟ್ಟಿದಾಕಿ ಹೆಣಾ ಬಿಟ್ಟು ಅವನ ಹೊಲಕ್ಕ ಹೊಕ್ಕೀಯೇನ? ನೀ ನನ್ನ ಹೊಟ್ಟ್ಯಾಗ ಹುಟ್ಟೀಯೋ, ಕಲ್ಲಿನ್ಯಾಗ ಹುಟ್ಟೀಯೋ?”

ಸವಿತಾ, ಅಕ್ಕನ ತಲೆ ಬಾಚುತ್ತಿದ್ದ ಹಣಿಗೆಯನ್ನು ಅವ್ವನ ಕೈಗಿತ್ತು ಹೊರಬಂದಳು.

“ನಾ ಗಾಡಿ ಚಾಲೂ ಮಾಡೂದಿಲ್ಲವ್ವಾ,” ಎಂದ ಅಫ್ಜಲ, ತಲೆ ತಗ್ಗಿಸಿಯೇ. “ಗೌಡ ಏನರ ಮಾಡ್ಕೊಳ್ಳಿ.”

“ನಡಕೋತ ಹೋಗ್ತೇವಿ ಅಣ್ಣಾ. ನೀ ಬಿದಿರು ಕಟ್ಟು.”

ಹೊಲದಂಚಿನ ಗಂಡುಸಾಲುಗಳಲ್ಲಿ ಹೂವು ಅರಳಿತ್ತು. ಹಳದಿ ಹೂವು, ಒಡಲಲ್ಲಿ ಕೆಂಪು ಚುಕ್ಕೆ. ಹೆಂಗಸರು ಹರಿದು ಹರಿದು ಬುಟ್ಟಿಗೆ ತುಂಬಿದರು. ತೊಟ್ಟು ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಯಾರೋ ಒಬ್ಬಳು ಬಿಕ್ಕಿದಳು, ಪಕ್ಕದವಳು ಅವಳ ಪಾಲಿನ ಗಿಡಗಳ ಹೂವನ್ನೂ ತಾನೇ ಹರಿದಳು. ಗೌಡ ಛತ್ರಿಯ ಕೆಳಗೆ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದ.

“ಹೌದ್ರಿ ಸಾಹೇಬ್ರ, ಲೇಬರ್ ಬಂದಾರ್ರಿ. ಏನೂ ತೊಂದ್ರಿಲ್ಲ. ಒಬ್ಬಾಕೀಗೆ ಆರಾಮಿರಲಿಲ್ಲ, ಅಷ್ಟ. ಅಕೀ ಬದ್ಲಿ ಬ್ಯಾರೆದಾಕೀ ಹಚ್ಚೇನ್ರಿ.”

ತುಂಬಿದ ಬುಟ್ಟಿ ಹಿಡಿದು ಸವಿತಾ ಅಕ್ಕನ ಸಾಲಿಗೆ ಬಂದಳು.

ಕಾಗದ ಮುಚ್ಚುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೂಢಿ. ಗಾಳಿಗೆ ಹಾರಬಾರದೆಂದು ಮಂಜುಳಾ ಮೂಲೆಯನ್ನು ಮಡಚಿ ಒಳಗೆ ಸಿಕ್ಕಿಸುತ್ತಿದ್ದಳು. ಸಾಲಿನ ಮೊದಲಿಗೆ ಎಲ್ಲ ಕಾಗದಗಳೂ ಹಾಗೆಯೇ ಇದ್ದವು, ಒಂದರಂತೆ ಇನ್ನೊಂದು. ನಡುವಿನಿಂದ ಮುಂದೆ ಮಡಿಕೆ ಸೊಟ್ಟಗಾಗಿತ್ತು. ಇನ್ನೂ ಮುಂದೆ ಮಡಿಕೆಯೇ ಇರಲಿಲ್ಲ, ಕಾಗದವನ್ನು ಬರೀ ಒತ್ತಿಟ್ಟಿದ್ದಳು. ಒಂದು ಗಿಡದ ಬುಡದಲ್ಲಿ ವಾಂತಿಯ ಮೇಲೆ ಯಾರೋ ಕಾಲಿನಿಂದ ಮಣ್ಣೆಳೆದಿದ್ದರು. ಕೊನೆಯ ಗಿಡಗಳ ಕಾಗದಗಳು ನೆಲಕ್ಕೆ ಬಿದ್ದಿದ್ದವು. ಆದರೂ ಆ ಗಿಡಗಳಲ್ಲೂ ಮೊಗ್ಗುಗಳನ್ನು ಸುಲಿದಿದ್ದಳು. ಒಂದನ್ನೂ ಬಿಟ್ಟಿರಲಿಲ್ಲ.

ಸವಿತಾ ಬುಟ್ಟಿಯನ್ನು ತಲೆಗೇರಿಸಿ ಕೇರಿಯ ಕಡೆ ತಿರುಗಿದಳು.

“ಏ ಹುಡುಗಿ! ಬುಟ್ಟಿ ಹೊತ್ಕೊಂಡು ಎತ್ತಾಗ?”

“ಮನೀಗ್ರಿ.”

“ಹೆಣ್ಣಸಾಲು ಈಕಡೆ ಅದಾವಲೇ, ಕಣ್ಣು ಹ್ವಾದವೇನು?”

“ಕಾಣ್ತಾವ್ರಿ. ನಮ್ಮಕ್ಕಗ ಹೂವು ಬೇಕಾಗ್ಯಾವು. ಸಂಜಿತನಕ ಇರೂದಿಲ್ಲಂತ ನೀವ ಹೇಳಿದ್ರಲ್ರಿ.”

ಗೌಡನಿಗೆ ಕೂಡಲೇ ಅರ್ಥವಾಗಲಿಲ್ಲ. ಸಿದ್ದವ್ವನಿಗೆ ಆಯಿತು. “ತಡಿ ತಂಗಿ, ನನ್ನ ಬುಟ್ಟೀನೂ ಅಕೀಗೇ,” ಎನ್ನುತ್ತ ಅವಳು ಬದು ಹತ್ತಿದಳು. ಹಿಂದೆ ಇನ್ನೊಬ್ಬಳು ಹತ್ತಿದಳು, ಮತ್ತೊಬ್ಬಳು ಹತ್ತಿದಳು. ಒಬ್ಬಳು ಮಾತ್ರ ಗೌಡನ ಕಡೆಗೊಮ್ಮೆ, ಸಿದ್ದವ್ವನ ಬೆನ್ನಿನ ಕಡೆಗೊಮ್ಮೆ ನೋಡಿ ಸಾಲಿನಲ್ಲೇ ಕುಕ್ಕರಿಸಿದಳು. ಅವಳ ಬುಟ್ಟಿಯನ್ನು ಪಕ್ಕದವಳು ಎತ್ತಿಕೊಂಡು ನಡೆದಳು.

“ಗುತ್ಯಾ! ಏನ್ ಕಿಸೀತಿಯೋ? ಹಿಡಿಯಲೇ ಆ ಹಲ್ಕಟ್ ರಂಡೇರನ್ನ! ಇವತ್ತಿನ ಹೂವೆಲ್ಲಾ ಹೊಂಟವಲ್ಲೋ!”

ಗುತ್ತೆಪ್ಪ ಓಡಿಬಂದು ಸವಿತಾಳ ಬುಟ್ಟಿಯ ಅಂಚು ಹಿಡಿದ. “ನನ್ನ ಹೊಟ್ಟಿಮ್ಯಾಲ ಹೊಡೀಬ್ಯಾಡವ್ವಾ. ಅಂವಾ ನನ್ನ ಜೀವಂತ ಹುಗಿತಾನು.”

“ಎಲ್ಲಿ ಹುಗಿತಾನ ಕಾಕಾ? ದಾರೀನ ಇಲ್ಲಲ್ಲ.”

ಎಳೆದಾಟಕ್ಕೆ ಒಂದಿಷ್ಟು ಹೂವು ಚೆಲ್ಲಿತು. ಗುತ್ತೆಪ್ಪ ಕೈಬಿಟ್ಟ. ಗೌಡನಿಗೆ ಬೆನ್ನು ಮಾಡಿ ಬಗ್ಗಿ, ಚೆಲ್ಲಿದ್ದನ್ನೆಲ್ಲ ಆರಿಸಿ, ಮಣ್ಣು ಊದಿ, ಬುಟ್ಟಿಗೆ ಹಾಕಿದ. ಹೂವಿನ ಜೊತೆ ಅವನು ಬರಲಿಲ್ಲ, ಅಲ್ಲೇ ನಿಂತ.

ಬುಟ್ಟಿಗಳನ್ನು ಬಾಗಿಲಲ್ಲಿ ಕಂಡ ಕರೆವ್ವ ಸವಿತಾಳ ಮುಖ ನೋಡಿದಳು. ಆಮೇಲೆ ತಾನೇ ಮೊದಲ ಬೊಗಸೆ ಎತ್ತಿ ಮಗಳ ಮಡಿಲಿಗೆ ಸುರಿದಳು.

ಹೆಣ ಎತ್ತಿದಾಗ ಮಂಜುಳಾಳ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಲ್ಲ ಹಳದಿ. ಆಕೆಯ ಲಗ್ನಕ್ಕೆ ಬಾರದ ಹಲಗಿ ಮುಂದೆ ಬಾರಿಸುತ್ತ ನಡೆಯಿತು. ಮುಂದಿನ ಬಿದಿರಿಗೆ ಅಫ್ಜಲ ಹೆಗಲು ಕೊಟ್ಟಿದ್ದ.

ಬದುವಿನ ಬಾಯಿಗೆ ಗೌಡ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿ, ಅದರ ಮೇಲೆ ಹತ್ತಿ ನಿಂತಿದ್ದ. ಕೈಯಲ್ಲಿ ಫೋನಿತ್ತು.

“ಹೂವು ಕದ್ದ ಸೂಳೇರು! ಪೊಲೀಸರಿಗೆ ಹೇಳೇನಿ. ಒಂದು ಹೆಜ್ಜಿ ಮುಂದಿಡ್ರಿ ನೋಡೂಣು!”

ಹಲಗಿ ನಿಂತಿತು. ಹೊತ್ತವರು ನಿಂತರು.

“ಎತ್ತಾಗವ್ವಾ?” ಎಂದ ಅಫ್ಜಲ.

ಸವಿತಾ ಬದು ಬಿಟ್ಟು ಹೊಲಕ್ಕಿಳಿದಳು. “ಹಳೇ ಬಂಡಿದಾರಿ ಇಲ್ಲೇ ಇತ್ತಲ್ಲಣ್ಣಾ. ನಮ್ಮಕ್ಕನ ಸಾಲು ಹಿಡದ ನಡೀರಿ.”

ಗಿಡಗಳು ಮುರಿದವು. ಹಲಗಿ ಮತ್ತೆ ಶುರುವಾಯಿತು. ಗಂಡಸರ ಧೋತರಕ್ಕೆ, ಹೆಂಗಸರ ಸೀರೆಯ ಅಂಚಿಗೆ ಕೆಂಪು ಕಾಗದಗಳು ಅಂಟಿಕೊಂಡು ಬಂದವು. “ಪ್ಲಾಟ್ ಹಾಳಾತಲ್ಲೋ, ನನ್ನ ಪ್ಲಾಟು!” ಎಂದು ಗೌಡ ಒದರುತ್ತಲೇ ಇದ್ದ. ಟ್ರ್ಯಾಕ್ಟರಿನಿಂದ ಮಾತ್ರ ಇಳಿಯಲಿಲ್ಲ. ಇಡೀ ಕೇರಿ ಹೊಲದೊಳಗಿತ್ತು.

ಕಾಲುವೆಯ ದಂಡೆಯಲ್ಲಿ ತೋಡಿದ್ದ ಕುಣಿಗೆ ಇಳಿಸುವಾಗ ಹೂವಿನ ಎಸಳುಗಳ ಅಂಚು ಆಗಲೇ ಕೆಂಪಾಗತೊಡಗಿತ್ತು. ಹತ್ತಿಹೂವು ಹಾಗೆಯೇ, ಹೊತ್ತು ಏರಿದಂತೆ ಕೆಂಪಾಗುತ್ತದೆ. ಕರೆವ್ವ ಮಣ್ಣು ಕೊಟ್ಟಳು, ಸವಿತಾ ಕೊಟ್ಟಳು, ಎಲ್ಲರೂ ಕೊಟ್ಟರು. ಅಫ್ಜಲ ತೊಳೆದಿಟ್ಟಿದ್ದ ಚಪ್ಪಲಿಗಳನ್ನೂ ಕಾಲ ಬಳಿ ಇಟ್ಟರು.

ದೂರದಲ್ಲಿ ಜೀಪಿನ ಧೂಳು ಕಾಣಿಸಿತು. ಅದನ್ನು ಕಂಡ ಗೌಡನ ದನಿಗೆ ಬಲ ಬಂತು.

“ಸಂಜಿಗೆ ಮೊಗ್ಗು ಸುಲಿಯಾಕ ಬರ್ದಾಕಿ ಈ ಸುತ್ತಿನ್ಯಾಗ ಯಾರ ಹೊಲಕ್ಕೂ ಕಾಲಿಡಬಾರ್ದು, ಹಂಗ ಮಾಡ್ತೇನಿ! ನಿಮ್ಮ ಮುಂದಿನ ಹೆಣಾ ಎಲ್ಲಿ ಹಾಯಿಸಿ ಒಯ್ತೀರಿ, ಅದನ್ನೂ ನೋಡ್ತೇನಿ!”

ಸವಿತಾ ಬಲಗೈ ಹೆಬ್ಬೆರಳನ್ನು ಬಾಯಿಗಿಟ್ಟಳು. ಹಸಿರುಗಟ್ಟಿದ ಉದ್ದನೆಯ ಉಗುರು ಗಟ್ಟಿಯಿತ್ತು, ಒಂದೇ ಸಲಕ್ಕೆ ತುಂಡಾಗಲಿಲ್ಲ. ಎರಡನೆಯ ಸಲ ಬುಡದವರೆಗೂ ಕಚ್ಚಿ ಹರಿದಳು. ಉಗುರನ್ನು ಹಸಿ ಮಣ್ಣಿನ ಮೇಲೆ ಉಗುಳಿದಳು. ಬೆರಳಿನಿಂದ ಜಿನುಗಿದ ರಕ್ತವನ್ನು ಕರೆವ್ವ ಸೆರಗಿನಿಂದ ಒತ್ತಿ ಹಿಡಿದಳು.

ಜೀಪು ಬದುವಿನ ಬಾಯಿಗೆ ಬಂದು ನಿಂತಿತು. ಸಿದ್ದವ್ವ ಅತ್ತ ನೋಡಲಿಲ್ಲ. ಮುಂದೆ ಬಂದು, ಸುಕ್ಕುಗಟ್ಟಿದ ತನ್ನ ಬಲಗೈಯನ್ನು ಸವಿತಾಳ ಬಾಯಿಯ ಮುಂದೆ ಹಿಡಿದಳು.

“ನನಗ ಹಲ್ಲಿಲ್ಲ ತಂಗಿ. ನಂದೂ ಕಡಿ.”