ಎರಡನೇ ಗಲ್ಲಿಗೆ ಮಾತ್ರ ಯಾಕೆ?

ನಾಶಿಕದಲ್ಲಿ ಪಂಚವಟಿ ದಾಟಿ ಓಝರ್ ಕಡೆ ಹೋಗುವಾಗ ಒಂದು ಕಾಲನಿ ಸಿಗುತ್ತದೆ. ಅಲ್ಲಿ ಎರಡನೇ ಗಲ್ಲಿಗೂ ಮೂರನೇ ಗಲ್ಲಿಗೂ ನಡುವೆ ಒಂದು ನಾಲಾ. ದಾಟಲಿಕ್ಕೆ ಒಂದು ಕಲ್ಲಿನ ಚಪ್ಪಡಿ. ಅದರ ಮೂಲೆ ಮುರಿದು ಎಷ್ಟೋ ಕಾಲವಾಗಿತ್ತು. ಕಾಲಿಟ್ಟರೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

2016ರ ಆಷಾಢದಲ್ಲಿ ಮೂರನೇ ಗಲ್ಲಿಯ ಸುಶೀಲಾಬಾಯಿ ಅದರ ಮೇಲಿಂದ ಜಾರಿ ಬಿದ್ದರು. ವಯಸ್ಸು ಎಪ್ಪತ್ತನಾಲ್ಕು. ಎಲುಬೇನೋ ಉಳಿಯಿತು. ಆದರೆ ಅವತ್ತಿನಿಂದ ಅವರು ನಾಲಾ ದಾಟಲಿಲ್ಲ. ಅವರ ಭಜನಾ ಮಂಡಳಿ ಇರುವುದು ಎರಡನೇ ಗಲ್ಲಿಯಲ್ಲಿ. ಇಪ್ಪತ್ತು ವರ್ಷ ಮುಂದಿನ ಸಾಲಿನಲ್ಲಿ ಕೂತು ಹಾಡಿದವರು ಈಗ ಕಿಟಕಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು.

ಜನವರಿಯಲ್ಲಿ ಎರಡನೇ ಗಲ್ಲಿಯ ಖಾಲಿ ಜಾಗದಲ್ಲಿ ಪಾಲಿಕೆಯವರು ಬಯಲು ಜಿಮ್ ಹಾಕಿದರು. ಕಿಟಕಿಗೆ ಹೊಸ ಕೆಲಸ ಬಂತು.

"ನಮ್ಮ ಭಜನಾ ಮಂಡಳಿ ಅಂಬುಜಾನ್ನ ನೋಡ ವೇದಾ," ಎಂದರು ಸುಶೀಲಾಬಾಯಿ ಸೊಸೆಗೆ. "ಒಂಬತ್ತು ಗಜದ ಸೀರಿ ಕಚ್ಚಿ ಹಾಕ್ಕೊಂಡು ಸೈಕಲ್ ತುಳೀಲಿಕ್ಕೆ ಹತ್ಯಾಳ. ಆ ಸೈಕಲ್ ಎಲ್ಲಿಗೂ ಹೋಗೂದಿಲ್ಲ ಖರೆ. ಆದರ ಹೊರಗರೆ ಕೂತಾಳಲ್ಲ!"

ಸೊಸೆ ವೇದಾವತಿಗೆ ಅತ್ತೆಯ ಸಂಕಟ ಗೊತ್ತಿತ್ತು. ತನ್ನ ಸಂಕಟ ಇನ್ನೂ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಎರಡನೇ ಗಲ್ಲಿಗೆ ಹೊಸ ದೀಪ ಬಂದಿದ್ದವು. ಆಮೇಲೆ ಕಸದ ಗಾಡಿಯ ಹೊತ್ತು ಬದಲಾಯಿತು, ಅದೂ ಅವರಿಗೆ ಅನುಕೂಲವಾಗುವಂತೆ. ಈಗ ಜಿಮ್. ಈ ಪಟ್ಟಿಯನ್ನು ವೇದಾವತಿ ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ, ಉಳಿದದ್ದು ಬಟ್ಟೆ ಒಣಹಾಕುವಾಗ, ತಪ್ಪದೆ ಹೇಳುತ್ತಿದ್ದರು.

"ಎಲ್ಲಾ ಆ ಎರಡನೇ ಗಲ್ಲಿ ಮೃಣಾಲಿನಿ ಕೈವಾಡರೀ," ಎಂದರು ಗಂಡನಿಗೆ. "ಆಕಿ ಬಂದು ಮೂರು ವರ್ಷ. ನಾವು ಕನ್ನಡ ನಾಡು ಬಿಟ್ಟು ಬಂದು ಇಪ್ಪತ್ತಮೂರು. ನಮ್ಮ ಮಾತು ಯಾರೂ ಕೇಳೂದಿಲ್ಲ, ಆಕಿ ಹೇಳಿದ್ದೆಲ್ಲಾ ಆಗ್ತದ. ಪಾಲಿಕೆಗೆ ಆರಿಸಿ ಬಂದ ನಗರಸೇವಕರ ಮನಿಗೆ ಹೋಗಿ ಬರ್ತಿರಬೇಕು."

ಗಂಡ ನರಸಿಂಹಮೂರ್ತಿ ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದವರು. ಅಲ್ಲಿ ಶಿಕ್ಕಾ, ಅಂದರೆ ಮೊಹರು, ಬೀಳದ ಬಿಡಿಭಾಗ ವಿಮಾನ ಹತ್ತುವುದಿಲ್ಲ. ಶಿಕ್ಕಾ ಬಿದ್ದದ್ದನ್ನು ಯಾರೂ ಮತ್ತೆ ತಿರುಗಿಸಿ ನೋಡುವುದಿಲ್ಲ. ಈ ನಂಬಿಕೆಯನ್ನು ಅವರು ಮನೆಗೂ ತಂದಿದ್ದರು.

"ನಾ ಸುಮ್ಮನ ಕೂತಿಲ್ಲ," ಎಂದರು. "ಆ ಚಪ್ಪಡಿ ಸಲುವಾಗಿ ಎರಡು ವರ್ಷದಾಗ ಐದು ಅರ್ಜಿ ಕೊಟ್ಟೀನಿ. ಐದಕ್ಕೂ ಶಿಕ್ಕಾ ಅದ. ಫೈಲ್ ಪಕ್ಕಾ ಅದ."

"ಫೈಲ್ ಪಕ್ಕಾ ಅದ. ಚಪ್ಪಡಿ ಅಲ್ಲಾಡ್ತದ," ಎಂದರು ವೇದಾವತಿ.

ಸಂಕ್ರಾಂತಿ ಮುಗಿದಿತ್ತು. ಮನೆಮನೆಯಲ್ಲಿ ಅರಿಶಿನ ಕುಂಕುಮ. ಮೃಣಾಲಿನಿಯ ಮನೆಯಿಂದಲೂ ಕರೆ ಬಂತು. "ನಾ ಹೋಗೂದಿಲ್ಲ," ಎಂದು ವೇದಾವತಿ ಬೆಳಿಗ್ಗೆ ಹೇಳಿದರು. ಮಧ್ಯಾಹ್ನವೂ ಹೇಳಿದರು. ಸಂಜೆ ಐದಕ್ಕೆ ಇಳಕಲ್ ಸೀರೆ ಉಟ್ಟು ಹೊರಟರು. ಹೋಗದಿದ್ದರೆ ಆ ಮನೆಯಲ್ಲಿ ಹೊಸದಾಗಿ ಏನೇನು ಬಂದಿದೆ ಅಂತ ತಿಳಿಯುವುದು ಹೇಗೆ?

ಮೃಣಾಲಿನಿ ಬೆಳಗಾವಿಯವಳು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ವರ್ಗವಾಗಿ ಬಂದವರು. ಮನೆಯಲ್ಲಿ ಎಳ್ಳುಂಡೆಯ ತಟ್ಟೆಯ ಜೊತೆಗೆ ಒಂದು ಮೊಬೈಲೂ ಕೈಯಿಂದ ಕೈಗೆ ತಿರುಗುತ್ತಿತ್ತು.

"ಬರ್ರಿ ವೈನಿ, ಒಳಗ ಬರ್ರಿ," ಎಂದಳು ಮೃಣಾಲಿನಿ.

"ಜಿಮ್ ಬಂತಲ್ಲ," ಎಂದರು ವೇದಾವತಿ, ಕೂಡುವ ಮೊದಲೇ. "ನಿಮ್ದು ಬಿಡ್ರಿ. ನಗರಸೇವಕರು ನಿಮ್ಮ ಮಾತು ಮೀರೂದಿಲ್ಲ."

"ನಗರಸೇವಕರ ಮಾರಿ ನಾ ಪೋಸ್ಟರ್‌ದಾಗ ಅಷ್ಟ ನೋಡೀನ್ರಿ!"

"ಮತ್ತ ಹೆಂಗ ಬಂತು? ಆಕಾಶದಿಂದ ಬಿತ್ತೇನು?"

"ಇದರಿಂದ ಬಂತು," ಎಂದು ಮೃಣಾಲಿನಿ ಮೊಬೈಲ್ ತೋರಿಸಿದಳು. "ಪಾಲಿಕೆಯವರು ಆ್ಯಪ್ ಮಾಡ್ಯಾರಲ್ಲ. ವರ್ಷಾ ಇದ ಹೊತ್ತಿಗೆ ಕೇಳ್ತಾರ, ನಿಮ್ಮ ವಾರ್ಡಿನಾಗ ಮೊದಲು ಏನಾಗಬೇಕು ಹೇಳ್ರಿ ಅಂತ. ಯಾರು ಬೇಕಾದ್ರೂ ಸೂಚನಾ ಹಾಕಬಹುದು. ಉಳಿದವರಿಗೆ ಅದು ಸರಿ ಅನಿಸಿದ್ರ ಬೆಂಬಲ ಒತ್ತಬೇಕು. ಒಂದು ನಂಬರಿಗೆ ಒಂದ ಬೆಂಬಲ. ಹೆಚ್ಚು ಬೆಂಬಲ ಬಂದ ಕೆಲಸಾನ ಮೊದಲು ಬಂದು ನೋಡ್ತಾರ. ದೀಪಾನೂ ಹಂಗ ಬಂದದ್ದು."

"ಅದೆಲ್ಲಾ ಇಲ್ಲಿ ಮಂದಿಗೆ. ನಾವು ಹೊರಗಿನವರು."

"ನಾ ಮತ್ತ ಎಲ್ಲಿಯಾಕಿ? ಆ್ಯಪ್ ವಾರ್ಡ್ ಕೇಳ್ತದ ವೈನಿ, ಹುಟ್ಟಿದೂರು ಕೇಳೂದಿಲ್ಲ." ಮೃಣಾಲಿನಿ ಸ್ವಲ್ಪ ತಡೆದು ಹೇಳಿದಳು: "ಖರೆ ಹೇಳ್ಲೇನು? ಎರಡು ವರ್ಷದಿಂದ ಈ ಪಟ್ಟಿ ನೋಡ್ತೀನಿ. ಮೂರನೇ ಗಲ್ಲಿದು ಒಂದೂ ಸೂಚನಾ ಇಲ್ಲ. ಎಷ್ಟು ಸುಖವಾಗಿದ್ದಾರಪಾ ಆ ಗಲ್ಲಿಯವರು, ಏನೂ ಕೇಳೂದ ಬ್ಯಾಡ ಅವರಿಗೆ, ಅಂತ ನನಗ ಹೊಟ್ಟಿಕಿಚ್ಚಾಗಿತ್ತು."

ವೇದಾವತಿಯ ಬಾಯಲ್ಲಿದ್ದ ಎಳ್ಳುಂಡೆ ಅಲ್ಲೇ ನಿಂತಿತು. ಇಷ್ಟು ದಿನ ತಾವು ಉರಿದದ್ದು ಸರಿ. ತಮ್ಮನ್ನು ನೋಡಿ ಇನ್ನೊಬ್ಬರು ಉರಿದಿದ್ದಾರೆ, ಅದೂ ಆ ಚಪ್ಪಡಿ ಇಟ್ಟುಕೊಂಡು!

"ಕಡೀ ದಿನ ಯಾವಾಗ?" ಎಂದು ಕೇಳಿದರು.

"ಈ ಭಾನುವಾರ, ಸಂಜಿ ಆರಕ್ಕ."

ಅವತ್ತು ಗುರುವಾರ.

ಮನೆಗೆ ಬಂದವರೇ, "ಫೈಲ್ ತಗೀರಿ," ಎಂದರು. ಕಾಲೇಜಿಗೆ ಹೋಗುವ ಮಗಳು ಚೈತನ್ಯಾ ಕಾಗದ ತಿರುವಿದಳು. ಹುಟ್ಟಿದ್ದು, ಬೆಳೆದದ್ದು ನಾಶಿಕದಲ್ಲಿ. ಅವಳ ಕನ್ನಡಕ್ಕೆ ಮರಾಠಿಯ ಒಗ್ಗರಣೆ. ಒಂದು ಹಾಳೆಯ ಹತ್ತಿರ ನಿಂತಳು.

"ಅಪ್ಪಾ, ಹೇ ಕಾಯ್? ಇದು ಅರ್ಜಿ ನಾಹೀ. ಇದು ಉತ್ತರ ಅದ."

ಪಾಲಿಕೆಯಿಂದ ಬಂದ ಮರಾಠಿ ಪತ್ರ. ಚೈತನ್ಯಾ ಓದಿ ಹೇಳಿದಳು: ಇಂಥ ಸಣ್ಣ ಕಾಮಗಾರಿಗಳನ್ನು ಈಗ ನಾಗರಿಕರ ಸೂಚನೆಗಳಿಂದ ಆರಿಸುತ್ತಾರೆ, ತಮ್ಮ ಬೇಡಿಕೆಯನ್ನು ಆ್ಯಪ್‌ನಲ್ಲಿ ಇಲ್ಲವೇ ವಾರ್ಡ್ ಕಚೇರಿಯ ಸೇವಾ ಕೇಂದ್ರದಲ್ಲಿ ನೋಂದಾಯಿಸಬೇಕು. ಪತ್ರದ ಕೆಳಗೆ ನರಸಿಂಹಮೂರ್ತಿಯವರ ದುಂಡು ಅಕ್ಷರ: 'ತಲುಪಿದೆ. ಫೈಲಿಗೆ.'

"ಮ್ಯಾಲೆ ಶಿಕ್ಕಾ ಇತ್ತು," ಎಂದರು ನರಸಿಂಹಮೂರ್ತಿ ಮೆಲ್ಲಗೆ. "ಹಂಗಾಗಿ ಪೂರ್ತಿ ಓದಲಿಲ್ಲ."

"ತಾರೀಖು ಏನದ?" ಕಿಟಕಿಯಿಂದ ಸುಶೀಲಾಬಾಯಿ ಕೇಳಿದರು.

"ಹೋದ ವರ್ಷದ್ದು ಆಜಿ. ಫೆಬ್ರುವರಿ."

"ಅಂದ್ರ ನಾ ಬೀಳೂಕಿಂತ ಮೊದಲ ಬಂದದ್ದು."

ಸುಶೀಲಾಬಾಯಿ ಮಗನನ್ನು ಬೈಯಲಿಲ್ಲ. ಮುಖ ತಿರುಗಿಸಿ ಮತ್ತೆ ರಸ್ತೆ ನೋಡಿದರು. ಬೈದಿದ್ದರೆ ನರಸಿಂಹಮೂರ್ತಿಗೆ ರಾತ್ರಿ ಊಟ ಸೇರುತ್ತಿತ್ತು.

ಮರುದಿನ ಕೆಲಸ ಶುರುವಾಯಿತು. ನರಸಿಂಹಮೂರ್ತಿಗೆ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. "ಬಟನ್ ಒತ್ತಿದ್ರ ನಾಲಾ ಮ್ಯಾಲೆ ಚಪ್ಪಡಿ ಬೀಳ್ತದೇನು? ಸಹಿ ಇಲ್ಲ, ಶಿಕ್ಕಾ ಇಲ್ಲ," ಎನ್ನುತ್ತಲೇ ಮಗಳಿಗೆ ಬರೆಸತೊಡಗಿದರು: "ಮಾನ್ಯರೇ, ವಿಷಯ, ಉಲ್ಲೇಖ ಒಂದು, ಉಲ್ಲೇಖ ಎರಡು..."

"ಅಪ್ಪಾ, ಇಲ್ಲಿ ಅಷ್ಟು ಜಾಗಾ ಇಲ್ಲ!"

ಕೊನೆಗೆ ಮೂರೇ ವಾಕ್ಯ ಉಳಿದವು. ಚಪ್ಪಡಿ ಎಲ್ಲಿದೆ, ಏನಾಗಿದೆ, ಯಾರಿಗೆ ತೊಂದರೆ. ಜೊತೆಗೆ ಒಂದು ಫೋಟೊ. ಕಳಿಸಿದ ಕ್ಷಣಕ್ಕೇ ಮೊಬೈಲಿಗೆ ಒಂದು ನೋಂದಣಿ ಸಂಖ್ಯೆ ಬಂತು. ನರಸಿಂಹಮೂರ್ತಿ ಅದನ್ನು ಎರಡು ಸಲ ಓದಿದರು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಂಡರು. ಸಂಖ್ಯೆ ಇದೆ ಎಂದ ಮೇಲೆ ಇದು ಕೆಲಸವೇ, ಆಟವಲ್ಲ ಎಂದು ಅವರಿಗೆ ಅರ್ಧ ಸಮಾಧಾನವಾಯಿತು.

ಶನಿವಾರದ ಹೊತ್ತಿಗೆ ಮೂರನೇ ಗಲ್ಲಿಯ ಬೆಂಬಲವೆಲ್ಲ ಸೇರಿ ಮೂವತ್ತೊಂದು. ಎರಡನೇ ಗಲ್ಲಿಯವರು ಮಕ್ಕಳ ಜಾರುಬಂಡಿ ಕೇಳಿದ್ದರು. ಅದಕ್ಕೆ ತೊಂಬತ್ತಾರು. ವೇದಾವತಿ ಆ ತೊಂಬತ್ತಾರನ್ನು ನೋಡಿದ ರೀತಿಗೆ ಮೊಬೈಲೇ ಬಿಸಿಯಾಗಬೇಕಿತ್ತು.

"ಮೃಣಾಲಿನೀನ್ನ ಕೇಳ್ಬೇಕು," ಎಂದಳು ಚೈತನ್ಯಾ.

"ನಾನ? ಆಕಿನ್ನ?"

ಕಿಟಕಿಯ ಹತ್ತಿರ ಸುಶೀಲಾಬಾಯಿ ತಮ್ಮ ಮೊಣಕಾಲು ನೀವಿಕೊಳ್ಳುತ್ತಿದ್ದರು. ವೇದಾವತಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

"ಕೊಟ್ಟ ಬೆಂಬಲ ಕಡೀ ದಿನದ ತನಕಾ ಬದಲಾಯಿಸಬಹುದು," ಎಂದಳು ಮೃಣಾಲಿನಿ. "ನಂದು ಈಗ ಚಪ್ಪಡಿಗೆ ಬದಲಾಯಿಸಿದೆ ನೋಡ್ರಿ. ಉಳಿದವರನ್ನ ಮಾತ್ರ ನೀವ ಕೇಳಬೇಕು. ಬಿದ್ದದ್ದು ನಿಮ್ಮ ಅತ್ತಿ."

ಹೀಗೆ ವೇದಾವತಿ, ಇಷ್ಟು ದಿನ ದೂರದಿಂದ ಕಣ್ಣಿಟ್ಟ ಗಲ್ಲಿಯಲ್ಲಿ, ಒಂದೊಂದೇ ಬಾಗಿಲು ತಟ್ಟಿದರು. ದೀಪದ ಕಂಬಗಳ ಕೆಳಗೆ ನಡೆದರು. ಚೆನ್ನಾಗಿಯೇ ಉರಿಯುತ್ತಿದ್ದವು, ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಕೆಲವರು ಫೋನ್ ತೆಗೆದರು, ಕೆಲವರು "ಬಘೂ, ಬಘೂ", ನೋಡೋಣ ನೋಡೋಣ, ಎಂದು ಬಾಗಿಲು ಹಾಕಿದರು. ಜಿಮ್‌ನಲ್ಲಿ ಅಂಬುಜಾ ಸೈಕಲ್ಲಿನಿಂದ ಇಳಿಯದೆಯೇ ಕೇಳಿದರು:

"ಚಪ್ಪಡಿ ಆದ್ರ ಸುಶೀಲಾ ಭಜನಿಗೆ ಬರ್ತಾಳೇನು?"

"ಬರ್ತಾರ್ರಿ."

"ಹಂಗಾದ್ರ ನಂದೂ, ಮಗಂದೂ, ಸೊಸಿದೂ ಬರಕೋ. ಆಕಿ ಇಲ್ಲದ ನಾವೆಲ್ಲಾ ಒಂದ ಹಾಡಿನಾಗ ನಾಕು ಊರಿಗೆ ಹೋಗ್ತೀವಿ."

"ನಾ ಬರಕೊಂಡ್ರ ನಡಿಯೂದಿಲ್ಲ ಕಾಕೂ. ಅವರವರ ಫೋನಿನಾಗ ಅವರವರ ಒತ್ತಬೇಕು," ಎಂದರು ವೇದಾವತಿ. ಮೂರು ದಿನದ ಹಿಂದೆ ಇದರ ಗಂಧವೂ ಇಲ್ಲದವರು.

ಭಾನುವಾರ ಆರು ಗಂಟೆಗೆ ಚಪ್ಪಡಿಗೆ ನೂರಾ ಇಪ್ಪತ್ತೆಂಟು ಬೆಂಬಲ. ವಾರ್ಡಿನಲ್ಲಿ ಎರಡನೆಯ ಸ್ಥಾನ. ಮೊದಲನೆಯದು ಯಾವುದೆಂದು ವೇದಾವತಿ ಕೂಡಲೇ ನೋಡಿದರು: ಏಳನೇ ಗಲ್ಲಿಯ ನೀರಿನ ಪೈಪು. "ಏಳನೇ ಗಲ್ಲಿಯವರು ಭಾಳ ಹುಷಾರ್," ಎಂದರು. ಈ ಸಲ ಹಲ್ಲು ಕಡಿಯಲಿಲ್ಲ, ಅಥವಾ ಸ್ವಲ್ಪ ಕಡಿದರು.

ಮಾರ್ಚಿನಲ್ಲಿ ಇಂಜಿನಿಯರ್ ಬಂದು ಅಳತೆ ಹಿಡಿದರು. ಮೇ ತಿಂಗಳಲ್ಲಿ ಹೊಸ ಸ್ಲ್ಯಾಬ್ ಆಯಿತು, ಎರಡೂ ಬದಿಗೆ ಕಂಬಿ. ಹದಿನೈದು ದಿನ ಅದರ ಮೇಲೆ ಒದ್ದೆ ಗೋಣಿಚೀಲ. ಹದಿನೈದು ದಿನವೂ ಸುಶೀಲಾಬಾಯಿ, "ಇವತ್ತು ಗಟ್ಟಿ ಆತೇನು?" ಎಂದು ಕೇಳಿದರು.

ಹದಿನಾರನೆಯ ದಿನ ಮಗನ ಕೈ ಬಿಡಿಸಿಕೊಂಡು, ಕಂಬಿ ಹಿಡಿದು, ಒಬ್ಬರೇ ಹೆಜ್ಜೆ ಇಟ್ಟರು. ನಡುವೆ ನಿಂತರು. ಬಲಗಾಲಿನಿಂದ ಒಮ್ಮೆ ಒದ್ದು ನೋಡಿದರು, ಎಡಗಾಲಿನಿಂದ ಇನ್ನೊಮ್ಮೆ. ಅಲುಗಲಿಲ್ಲ. ಎದುರಿನಿಂದ ಎರಡನೇ ಗಲ್ಲಿಯ ಹೆಣ್ಣುಮಗಳೊಬ್ಬಳು ಬಂದು, ಅಜ್ಜಿ ದಾಟಲಿ ಎಂದು ಕಾಯುತ್ತ ನಿಂತಳು.

"ಬಾ ಬಾ," ಎಂದರು ಸುಶೀಲಾಬಾಯಿ ದೊಡ್ಡ ಮನಸ್ಸಿನಿಂದ. "ಇದು ನಮ್ಮ ಗಲ್ಲಿದು. ಆದರೂ ದಾಟು, ಅಡ್ಡಿ ಇಲ್ಲ."

ಓದುತ್ತಿರುವ ಅಕ್ಕ, ಅಣ್ಣ, ಪಕ್ಕದ ಗಲ್ಲಿಗೆ ಏನಾದರೂ ಬಂದಾಗ ನಿಮಗೂ ಹೊಟ್ಟೆ ಉರಿಯುತ್ತದೆಯೇ? ನಾಚಬೇಡಿ. ಯಾರಿಗೆ ಉರಿಯುವುದಿಲ್ಲ? ಆದರೆ ಉರಿ ತಣ್ಣಗಾಗುವ ಮೊದಲು ಆ ಗಲ್ಲಿಗೆ ಹೋಗಿ, ಅವರು ಹೇಗೆ ಕೇಳಿದರು ಅಂತ ವಿಚಾರಿಸಿ. ನಿಮ್ಮ ಪಾಲಿಕೆ ಅಥವಾ ಪಂಚಾಯಿತಿ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಜನರ ಸೂಚನೆ ಕೇಳುತ್ತಿದ್ದರೆ ಕೊನೆಯ ದಿನ ತಿಳಿದುಕೊಂಡು, ಜಾಗ ಯಾವುದು, ತೊಂದರೆ ಏನು ಎಂದು ನಾಲ್ಕು ಸಾಲು ಬರೆಯಿರಿ, ಅಕ್ಕಪಕ್ಕದವರ ಬೆಂಬಲ ಕೇಳಿ. ಸ್ಮಾರ್ಟ್ ಫೋನ್ ಇಲ್ಲವೇ? ವಾರ್ಡ್ ಕಚೇರಿಯಲ್ಲಿ ಕೇಳಿ, ಇಲ್ಲವೇ ಫೋನ್ ಬಲ್ಲ ಮಕ್ಕಳ ಸಹಾಯ ತೆಗೆದುಕೊಳ್ಳಿ. ಬಂದ ಉತ್ತರವನ್ನು ಕಡೆಯ ಸಾಲಿನವರೆಗೆ ಓದಿ. ನೀವು ಯಾವ ಊರಿನಿಂದ ಬಂದವರಾದರೂ ಸರಿ, ದಿನಾ ನಡೆಯುವ ರಸ್ತೆ ನಿಮ್ಮದು. ನೀವು ಕೇಳದೆ ಇದ್ದರೆ, ಆ ಗಲ್ಲಿಯವರಿಗೆ ಏನೂ ಬೇಕಿಲ್ಲ ಎಂದೇ ಊರು ತಿಳಿಯುತ್ತದೆ.