ಆರನೆಯ ‘ಬೇಡ’

“ಏನೇ, ನಿಮ್ಮಪ್ಪನ ಮನೆ ಗಂಟು ಅಂತ ‘ಬೇಡ’ ಒತ್ತಿಕೊಂಡು ಕೂತಿದೀಯ, ಮುಂಡೇದೇ?”

ಮೇಲ್ವಿಚಾರಕ ಕುರ್ಚಿಯ ಕಾಲಿಗೆ ಒದ್ದ. ಹೆಂಗಸರ ಬಾಯಲ್ಲಿ ಅವನು ಮೇಸ್ತ್ರಿ. ಕುರ್ಚಿಯಲ್ಲಿದ್ದ ಕನ್ನಡಕದವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಕಿತ್ತರೆ ಇನ್ನೊಂದು ಸಾಲು ಕೈತಪ್ಪುತ್ತದೆ.

ಕಿಟಕಿಯಿಲ್ಲದ ಕೋಣೆ, ಮೂವತ್ತು ಹೆಂಗಸರು. ಜನ ಫೋನಿನಲ್ಲಿ ಅಣ್ಣನಿಗೋ ಅತ್ತಿಗೆಗೋ ಬರೆದುಕೊಳ್ಳುವ ಮಾತುಗಳಲ್ಲಿ ಯಂತ್ರದ ತಲೆಗೆ ಹತ್ತದವು ಹೆಸರು ಅಳಿಸಿಕೊಂಡು ಇಲ್ಲಿಗೆ ಬಂದು ಬೀಳುತ್ತಿದ್ದವು. ಹತ್ತು ಸೆಕೆಂಡಿನಲ್ಲಿ ಓದಿ ಚೀಟಿ ಅಂಟಿಸಬೇಕು: ಚಪ್ಪಲಿ, ಸಾಲ, ಔಷಧಿ, ಮದುವೆ. ಅಂಟಿಸಿದ ಕೂಡಲೇ ಆ ಮಾತಿನ ಬುಡದಲ್ಲಿ ಆ ಸರಕಿನ ಜಾಹೀರಾತು ಮೂಡುತ್ತದೆ, ಯಾರದೋ ಜೇಬು ತುಂಬುತ್ತದೆ. ಏನೂ ಹೊಂದದಿದ್ದರೆ ‘ಬೇಡ’ ಒತ್ತಬಹುದು, ದಿನಕ್ಕೆ ಐದೇ ಸಲ. ಆರನೆಯದು ಒತ್ತಿದವಳು ಆ ಕ್ಷಣವೇ ಮನೆಗೆ. ಜನರ ಗೋಳಿಗೂ ರೇಷನ್ ನೋಡಿ!

“ಊಟದ ಹೊತ್ತಾಗಿಲ್ಲ, ಐದೂ ಮುಗಿಸಿದೀಯ. ಇನ್ನೊಂದು ಒತ್ತು, ಮಲಗಿರೋ ಗಂಡನ್ನ ಯಾರು ಸಾಕ್ತಾರೋ ನೋಡೋಣ.”

ಗಾರೆ ಕೆಲಸಕ್ಕೆ ಹತ್ತಿ ಬಿದ್ದ ಗಂಡ ಎದ್ದು ಕೂತಿರಲಿಲ್ಲ. ಮನೆಗೆ ಇವಳದೊಂದೇ ಸಂಬಳ.

ಮೇಸ್ತ್ರಿ ಆಚೆ ಹೋದ ಮೇಲೆ ಪಕ್ಕದ ಗುಂಡಕ್ಕ ಪಿಸುಗುಟ್ಟಿದಳು. “ಸುಮ್ನೆ ಯಾವುದೋ ಒಂದು ಚೀಟಿ ಒತ್ತೇ ತಾಯಿ. ನಂದೂ ಐದು ಮುಗೀತು. ಹೊಟ್ಟೆ ಕೇಳುತ್ತಾ?”

ಪರದೆಯ ಮೇಲೆ ಹೊಸ ಸಾಲು ಬಂತು. ‘ಅಕ್ಕಾ, ಮಗೂನ ಮಣ್ಣು ಮಾಡಿ ಬಂದ್ವಿ. ಹಾಲು ನಿಲ್ತಿಲ್ಲ, ಬಟ್ಟೆಯೆಲ್ಲ ಒದ್ದೆ.’

ಯಂತ್ರ ತಾನಾಗಿಯೇ ಸೂಚಿಸಿತ್ತು: ಕೂಸಿನ ಬಟ್ಟೆ.

ಅವಳ ಬೆರಳು ನಿಂತಿತು. ಹೋದ ವರ್ಷ ಅವಳೂ ಹೀಗೇ ತಾಯಿಗೆ ಬರೆದಿದ್ದಳು. ಬುಡದಲ್ಲಿ ಬಣ್ಣದ ತೊಟ್ಟಿಲು ತೂಗಿತ್ತು. ಹಾಕಿದವರ ಕೈ ಸೇದಿಹೋಗಲಿ ಎಂದು ಹಾಸಿಗೆಯಲ್ಲೇ ಶಪಿಸಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಆ ಕೈ ಇದೇ ಕೋಣೆಯದು.

“ಯಾಕೇ ಕಲ್ಲಾಗಿ ಕೂತೆ? ಒತ್ತು!” ಮೇಸ್ತ್ರಿ ಮತ್ತೆ ಬೆನ್ನ ಹಿಂದೆ ಬಂದು ನಿಂತಿದ್ದ.

“ಮಗು ಸತ್ತಿದೆ ಸಾರ್.”

“ಇನ್ನೊಂದು ಹೆರ್ತಾಳೆ ಬಿಡು. ಆಗ ಬಟ್ಟೆ ಬೇಡ್ವಾ?”

ಮೂರು ಸೆಕೆಂಡು ಉಳಿದಿತ್ತು. ಗಂಡನ ಮುಖ ಕಣ್ಮುಂದೆ ಬಂತು.

“ಥೂ, ನಿನ್ನ ಬಾಯಿಗೆ ಮಣ್ಣು ಹಾಕ!” ಎಂದು ‘ಬೇಡ’ ಒತ್ತಿದಳು.

ರಟ್ಟೆ ಹಿಡಿದು ಎಳೆದೊಯ್ದು ಮೆಟ್ಟಿಲಿಗೆ ದಬ್ಬಿದರು. ಕೊನೆಯ ಮೆಟ್ಟಿಲ ಮೇಲೆ ಕೂತು ಗಂಡನಿಗೆ ಬರೆದಳು. ‘ಕೆಲಸ ಹೋಯ್ತು ರೀ. ಮಗು ಸತ್ತೋಳಿಗೆ ಕೂಸಿನ ಬಟ್ಟೆ ಮಾರಲ್ಲ ಅಂದೆ. ನಾಳೆಯಿಂದ ಏನು ತಿನ್ನೋದು?’

ಇಂಥ ಮಾತಿಗೆ ಯಾವ ಚೀಟಿ ಬೀಳುತ್ತದೆಂದು ಅವಳಿಗೆ ಬಾಯಿಪಾಠ. ಸಾಲ. ಸೆಕೆಂಡು ಎಣಿಸುತ್ತ ಕೂತಳು. ಹತ್ತಾಯಿತು, ಹನ್ನೆರಡಾಯಿತು. ಬುಡ ಖಾಲಿ.

ಮೇಲೆ ಮೇಸ್ತ್ರಿ ಕಿರುಚಿದ. ಬಾಗಿಲು ಧಡಾರನೆ ತೆರೆಯಿತು. ಗುಂಡಕ್ಕ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಇಳಿದು ಬಂದಳು.

“ನಿನ್ನ ಗೋಳು ನನ್ನ ಪರದೆಗೇ ಬಂದು ಬೀಳಬೇಕಿತ್ತೇನೇ? ಆಗಲಿಲ್ಲ ಕಣೇ, ‘ಸಾಲ’ ಒತ್ತಕ್ಕೆ. ನಾನೂ ಆರನೇ ‘ಬೇಡ’ ಒತ್ತಿಬಿಟ್ಟೆ.” ಉಸಿರು ತೆಗೆದುಕೊಂಡಳು. “ಹೋದ ವರ್ಷ ಒಬ್ಬಳಿಗೆ ತೊಟ್ಟಿಲು ಅಂಟಿಸಿದ್ದೆ. ಹೀಗೇ ಮಗು ಹೋಗಿತ್ತು. ಅದು ನೀನೇನೋ.”

ಕನ್ನಡಕದವಳು ಆ ಕೈಯನ್ನೇ ನೋಡಿದಳು. ಆಮೇಲೆ ಅದನ್ನು ಹಿಡಿದುಕೊಂಡಳು, ಬಿಡಲಿಲ್ಲ.

ಫೋನು ಸದ್ದು ಮಾಡಿತು. ಗಂಡ ಬರೆದಿದ್ದ. ‘ಒಳ್ಳೇದೇ ಮಾಡಿದೆ, ಬಾ. ಮಾತ್ರೆ ಮುಗಿದಿದೆ.’

ಇದನ್ನು ಓದಲು ಯಾರೂ ಬೇಕಿರಲಿಲ್ಲ, ಯಂತ್ರವೇ ಸಾಕಾಗಿತ್ತು. ಬುಡದಲ್ಲಿ ಔಷಧಿ ಅಂಗಡಿ ಆಗಲೇ ಮಿನುಗುತ್ತಿತ್ತು.